ಅಂಗಿ ಹೊರಗೆ ಇಣುಕುವ ಆತ್ಮರಕ್ಷಣೆ

ಮದುವೆ ಮನೆಯ ಪಂಕ್ತಿಯಲ್ಲಿ ಕೂತವರ ಪೈಕಿ ಯಾರ ಸೊಂಟದಲ್ಲಿ ಪಿಸ್ತೂಲಿದೆ ಎಂದು ತಿಳಿಯಲು ಗುಪ್ತಚರ ಇಲಾಖೆ ಬೇಕಾಗಿಲ್ಲ. ಎಲೆ ಹಾಕುವುದರೊಳಗೆ ಎರಡು ಸಲ ಎದ್ದು ಶರ್ಟು ಸರಿಮಾಡಿಕೊಂಡವರು ಯಾರೋ ಅವರೇ. ಸರಿಮಾಡಿದ ಮೇಲೆ ಶರ್ಟು ಮೊದಲಿಗಿಂತ ಎರಡು ಇಂಚು ಮೇಲೇ ಇರುತ್ತದೆ. ಬಗ್ಗಿ ಕೋಸಂಬರಿ ಬಡಿಸುವ ಹುಡುಗನಿಗೆ ಮೊದಲು ಕಾಣುವುದು ಎಲೆಯಲ್ಲ, ಬಲಗಡೆ ಬೆಲ್ಟಿಗೆ ಸಿಕ್ಕಿಸಿದ ಚರ್ಮದ ಪೌಚು ಮತ್ತು ಅದರಿಂದ ಕತ್ತು ಹೊರಗೆ ಹಾಕಿದ ಹಿಡಿ. ಹುಡುಗ ಕೇಳದಿದ್ದರೂ ಉತ್ತರ ಸಿದ್ಧವಾಗಿರುತ್ತದೆ: ‘ಏನ್ಮಾಡೋದಪ್ಪಾ, ಥ್ರೆಟ್ ಇದೆ.’

ಕಾನೂನಿನ ಪ್ರಕಾರ ಆ ಹುಡುಗನಿಗೆ ಕೋಸಂಬರಿ ಮಾತ್ರ ಕಾಣಬೇಕಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ಇದಕ್ಕೆಂದೇ ಇದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವವರು ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇಟ್ಟು ಒಯ್ಯಬೇಕು, ಅದು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು, ಝಳಪಿಸುವಂತಿಲ್ಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಹೆಣದ ಹಾಗೆ ಸುತ್ತಿ ಬನ್ನಿ ಮರಕ್ಕೆ ಕಟ್ಟಿದರಲ್ಲ, ಮುಚ್ಚುವ ವಿಷಯದಲ್ಲಿ ಅವರಿಗೆ ನೂರಕ್ಕೆ ನೂರು. ಹತೋಟಿಯ ಷರತ್ತಿನಲ್ಲಿ ಮಾತ್ರ ಅವರೂ ಫೇಲು. ನಮ್ಮ ಪಂಕ್ತಿಯ ಯಜಮಾನರು ಎರಡರಲ್ಲೂ ಫೇಲಾಗಿ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಳ್ಳುತ್ತಿದ್ದಾರೆ.

ಇಂಥ ಸೊಂಟ ನಿಮಗೂ ಬೇಕೆಂದರೆ ಮೊದಲು ಸಂಪಾದಿಸಬೇಕಾದದ್ದು ಪಿಸ್ತೂಲಲ್ಲ, ಕಾರಣ. 21 ವರ್ಷ ತುಂಬಿರಬೇಕು, ಎ-1 ಎಂಬ ನಮೂನೆ ತುಂಬಬೇಕು. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ಊರಾದರೆ ಅರ್ಜಿ ಪೊಲೀಸ್ ಕಮಿಷನರ ಕಚೇರಿಗೆ, ಉಳಿದ ಕಡೆ ಡಿಸಿ ಕಚೇರಿಗೆ. ಬಿಳಿ ಹಿನ್ನೆಲೆಯ ನಾಲ್ಕು ಫೋಟೊ, ವಿಳಾಸದ ಪುರಾವೆ, ಜನ್ಮದಿನಾಂಕದ ಪುರಾವೆ ಎಲ್ಲ ಹೇಗೋ ಆಗುತ್ತವೆ. ಅರ್ಜಿ ನಿಲ್ಲುವುದು ಕಾರಣದ ಕಾಲಮ್ಮಿನಲ್ಲಿ. ಮಾಡುವ ವ್ಯಾಪಾರ, ವೃತ್ತಿ, ನೌಕರಿ ಅಥವಾ ಬೇರಾವುದೇ ಕಾರಣದಿಂದ ಜೀವ ಮತ್ತು ಆಸ್ತಿ ಉಳಿಸಿಕೊಳ್ಳುವ ‘ನೈಜ ಅಗತ್ಯ’ ಇರಬೇಕು ಎನ್ನುತ್ತದೆ 12ನೇ ನಿಯಮ. ನೈಜ ಅಗತ್ಯವನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲವಾದ್ದರಿಂದ ಆ ಕೆಲಸವನ್ನು ಠಾಣೆಯ ಒಬ್ಬರು ಬೈಕಿನಲ್ಲಿ ಬಂದು ಮಾಡಿಕೊಂಡು ಹೋಗುತ್ತಾರೆ.

ಅವರು ಕೇಳುವ ಪ್ರಶ್ನೆ ಸರಳವಾಗಿರುತ್ತದೆ, ‘ನಿಮಗೆ ಶತ್ರುಗಳು ಇದಾರಾ ಸಾರ್?’ ಬಹುಮಂದಿ ಎಡವುವುದು ಇಲ್ಲಿಯೇ. ‘ಇಲ್ಲ’ ಎಂದಿರೋ, ಹಾಗಾದರೆ ಪಿಸ್ತೂಲೇಕೆ? ‘ಇದ್ದಾರೆ’ ಎಂದಿರೋ, ದೂರು ಕೊಟ್ಟಿದ್ದೀರಾ, ಎಫ್‌ಐಆರ್ ಪ್ರತಿ ಎಲ್ಲಿ? ದೂರು ಕೊಟ್ಟಿದ್ದೀರಿ ಎನ್ನಿ, ಆ ಶತ್ರು ಸುಮ್ಮನಿರುತ್ತಾನೆಯೇ? ಮರುದಿನ ಬೆಳಗ್ಗೆ ಅದೇ ಠಾಣೆಯಲ್ಲಿ ಪ್ರತಿದೂರು. ಈಗ ನಿಮ್ಮ ಮೇಲೂ ಒಂದು ಕೇಸು. ಕೇಸಿದ್ದವರಿಗೆ ಪರವಾನಗಿ ಕಷ್ಟ. ಒಟ್ಟಿನಲ್ಲಿ ಅರ್ಜಿದಾರರಿಗೆ ಬೇಕಾಗಿರುವುದು ಏಕಮುಖ ಸಂಚಾರದ ಶತ್ರುತ್ವ: ಅವನು ನಿಮ್ಮನ್ನು ಕೊಲ್ಲುವಷ್ಟು ದ್ವೇಷಿಸಬೇಕು, ನಿಮಗೆ ಮಾತ್ರ ಅವನ ಪರಿಚಯವೇ ಇರಬಾರದು. ಅವನು ಬೆದರಿಸಬೇಕು, ಅದೂ ಸಾಕ್ಷಿ ಉಳಿಯುವಂತೆ ವಾಟ್ಸ್ಯಾಪಿನಲ್ಲಿ, ಆದರೆ ಬೆದರಿಕೆ ಅರ್ಜಿಯ ದಿನಾಂಕಕ್ಕಿಂತ ಮೊದಲೇ ಬಂದಿರಬೇಕು. ಅರ್ಜಿ ಹಾಕಿ ಮೂರು ದಿನಕ್ಕೆ ಬಂದ ಬೆದರಿಕೆಯನ್ನು ಓದಿದ ಸಬ್ ಇನ್‌ಸ್ಪೆಕ್ಟರು ಮೊದಲು ನೋಡುವುದು ಕಳಿಸಿದವನ ನಂಬರು ನಿಮ್ಮ ಬಾಮೈದನದೋ ಎಂದು.

ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ ಇದೆ, ಅದು ಬಂದ ಮೇಲೆ ತೀರ್ಮಾನಕ್ಕೆ 60 ದಿನ. ಕೊಲ್ಲಲು ಬರುವವನಿಗೆ ಈ ವೇಳಾಪಟ್ಟಿಯನ್ನು ಮೊದಲೇ ತಿಳಿಸಿರುವುದು ಒಳ್ಳೆಯದು. ಅವಸರದವನಾದರೆ ಇಡೀ ಕಡತ ವ್ಯರ್ಥ.

ಕಾರಣ ಗಟ್ಟಿಯಾಗಲಿ ಎಂದು ಜನ ಲಗತ್ತಿಸುವ ಕಾಗದಗಳನ್ನು ನೋಡಬೇಕು. ಪಹಣಿ, ಐಟಿ ರಿಟರ್ನ್ಸು, ಜಿಎಸ್‌ಟಿ ನೋಂದಣಿ, ಸೈಟುಗಳ ಕ್ರಯಪತ್ರ, ಪಕ್ಷದ ಲೆಟರ್‌ಹೆಡ್ಡು, ಸನ್ಮಾನದ ಫೋಟೊ. ‘ನಾನು ಕೊಲ್ಲಲು ಯೋಗ್ಯನಾದ ವ್ಯಕ್ತಿ’ ಎಂದು ಮನುಷ್ಯ ಸರ್ಕಾರಕ್ಕೆ ದಾಖಲೆ ಸಮೇತ ಮನವರಿಕೆ ಮಾಡಿಕೊಡುವ ಇನ್ನೊಂದು ಅರ್ಜಿ ಈ ದೇಶದಲ್ಲಿಲ್ಲ. ಅಸಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮು, ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿ ನಿರಾಕರಿಸಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಬಡವನಿಗೂ ಪ್ರಾಣವಿದೆ ಎಂದು ಕಾಯ್ದೆಗೆ ಗೊತ್ತು. ಗೊತ್ತಿಲ್ಲದ್ದು ಬೆಲೆಪಟ್ಟಿಗೆ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆಂದೇ ‘ನಿರ್ಭೀಕ್’ ಎಂಬ .32 ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಕೊಡುವುದು ಒಡವೆ ಪೆಟ್ಟಿಗೆಯಲ್ಲಿ, ಬೆಲೆ ₹1,22,360. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಣ್ಣುಮಗಳ ಭಯಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಅದು. ಪೆಟ್ಟಿಗೆ ಮಾತ್ರ ಬಹಳ ಚೆನ್ನಾಗಿತ್ತಂತೆ.

ಎಸ್-3 ನಮೂನೆ ವೈದ್ಯರದ್ದು. ಅರ್ಜಿದಾರರ ಬುದ್ಧಿ ಸ್ಥಿಮಿತದಲ್ಲಿದೆ, ದೇಹ ಗಟ್ಟಿಯಿದೆ, ಮಾದಕ ವಸ್ತುಗಳಿಗೆ ಅಂಟಿಕೊಂಡಿಲ್ಲ ಎಂದು ಅವರು ಬರೆದು ಕೊಡಬೇಕು. ಅಂದರೆ ಗುಂಡು ಬಿಡದವರಿಗೆ ಗುಂಡು ಇಲ್ಲ. ಈ ಒಂದು ನಮೂನೆಯನ್ನು ಪ್ರಾಮಾಣಿಕವಾಗಿ ತುಂಬಿದರೆ ನಮ್ಮ ಊರಿನ ಅರ್ಧ ಹೋಲ್‌ಸ್ಟರುಗಳು ಕನ್ನಡಕ ಇಡಲು ಉಪಯೋಗವಾಗುತ್ತಿದ್ದವು.

ಇಷ್ಟೆಲ್ಲ ಪಾಡು ಬೇಡವೆನ್ನುವವರು ಅಪ್ಪನನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಪರವಾನಗಿದಾರ ತೀರಿಕೊಂಡರೆ, ಅಥವಾ ಅವರಿಗೆ 70 ತುಂಬಿದರೆ, ಇಲ್ಲವೇ ಆಯುಧ ಇಟ್ಟುಕೊಂಡು 25 ವರ್ಷವಾದರೆ, ವಾರಸುದಾರರಿಗೆ ಅದನ್ನು ವರ್ಗಾಯಿಸಲು ಪರವಾನಗಿ ಕೊಡಬಹುದು ಎಂಬ ನಿಯಮವಿದೆ. ಭಯವೂ ಪಿತ್ರಾರ್ಜಿತ. ಅಪ್ಪನನ್ನು ಕೊಲ್ಲಬೇಕೆಂದಿದ್ದವರು ಸತ್ತು ಎಷ್ಟೋ ಕಾಲವಾಗಿರಬಹುದು, ಅವರ ಮಕ್ಕಳು ಕೆನಡಾದಲ್ಲಿರಬಹುದು. ಆದರೂ ಎಂಬತ್ತರ ದಶಕದಲ್ಲಿ ವಿದೇಶಿ ಪಿಸ್ತೂಲುಗಳ ಆಮದು ನಿಂತ ಮೇಲೆ ಹಳೆಯ ಜರ್ಮನ್, ಇಂಗ್ಲಿಷ್ ಮಾಲಿಗೆ ಬಂಗಾರದ ಬೆಲೆ ಬಂದಿರುವುದರಿಂದ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಅಪ್ಪನ ಜೀವಭಯ ಯಾರಿಗೆ ಎಂಬುದೇ ದೊಡ್ಡ ಜಗಳ. ಆ ಜಗಳ ಜೋರಾದರೆ ನೈಜ ಅಗತ್ಯವೂ ಹುಟ್ಟಿಕೊಂಡಂತಾಯಿತು.

ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಈಗ ಕೆಲಸಕ್ಕೆ ಬರುತ್ತದೋ ನೋಡೋಣ. 9 ಎಂಎಂ ಪಿಸ್ತೂಲು ನಿಷೇಧಿತ ಬೋರು, ಅಂದರೆ ನಳಿಕೆಯ ಆ ಅಳತೆ ಪೊಲೀಸರಿಗೂ ಸೇನೆಗೂ ಮೀಸಲು. ಸಾಮಾನ್ಯರಿಗೆ ಸಿಗುವುದು .32 ಅಥವಾ .22. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲರ್ 1983ರಲ್ಲಿ ಒಂದು ಲೆಕ್ಕ ಕೊಟ್ಟರು: ಚಾಕು ಹಿಡಿದು ನುಗ್ಗುವವನಿಗೆ 21 ಅಡಿ ದಾಟಲು ಸುಮಾರು ಒಂದೂವರೆ ಸೆಕೆಂಡು ಸಾಕು. ಅಭ್ಯಾಸವಿರುವ ಪೊಲೀಸಿನವರು ಹೋಲ್‌ಸ್ಟರಿನಿಂದ ತೆಗೆದು ಗುರಿಯಿಟ್ಟು ಹಾರಿಸಲು ಹಿಡಿಯುವ ಹೊತ್ತೂ ಹೆಚ್ಚುಕಮ್ಮಿ ಅಷ್ಟೇ. ಇಲ್ಲಿ ನುಗ್ಗುವವನ ಕೈಯಲ್ಲಿರುವುದು ಚಾಕುವಲ್ಲ, ಲಾಂಗು. ನಮ್ಮ ಯಜಮಾನರು ಶರ್ಟು ಎತ್ತಬೇಕು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಕು, ಪೌಚಿನ ಟಿಚ್ ಬಟನ್ ಬಿಡಿಸಬೇಕು, ಅದು ಹೊಸದಾದ್ದರಿಂದ ಬಿಗಿ. ಮೇಲಾಗಿ ಕಾರಿನಲ್ಲಿ ಸೀಟ್ ಬೆಲ್ಟಿನ ಬಕಲು ಬಂದು ಕೂರುವುದೂ ಸರಿಯಾಗಿ ಅದೇ ಜಾಗದಲ್ಲಿ, ಡ್ರೈವರನ ಎಡಕ್ಕೆ ಕೂತಿದ್ದರೆ ಬಲ ಸೊಂಟದ ಪಕ್ಕ. ತರಬೇತಿ ಎಂದು ಎಸ್-1 ಪ್ರಮಾಣಪತ್ರ ಲಗತ್ತಿಸಿದ್ದಾರೆ, ಸರಿ. ಅದಾದ ಮೇಲೆ ಒಂದೇ ಒಂದು ಗುಂಡು ಹಾರಿಸಿಲ್ಲ. ಗುಂಡಿಗೆ ದುಡ್ಡು ಕೊಡಬೇಕು, ಲೆಕ್ಕವನ್ನೂ ಕೊಡಬೇಕು, ವರ್ಷಕ್ಕೆ ಇಷ್ಟೇ ಎಂದು ಪರವಾನಗಿಯಲ್ಲೇ ಬರೆದಿದೆ.

ಮನೆಯಲ್ಲಿ ಇನ್ನೂ ಸೊಗಸು. ಎಸ್-2 ನಮೂನೆಯಲ್ಲಿ ಆಯುಧವನ್ನು ಭದ್ರವಾಗಿ, ಬೇರೆಯವರ ಕೈಗೆ ಸಿಗದಂತೆ ಇಡುತ್ತೇನೆ ಎಂದು ಮುಚ್ಚಳಿಕೆ ಬರೆದು ಕೊಟ್ಟಿದ್ದೀರಿ. ಅದು ನ್ಯಾಯವೇ, ಮಕ್ಕಳಿರುವ ಮನೆ. ಆದ್ದರಿಂದ ರಿವಾಲ್ವರು ಗಾಡ್ರೆಜ್ ಬೀರುವಿನ ಒಳ ಲಾಕರಿನಲ್ಲಿ, ಗುಂಡುಗಳು ದೇವರ ಮನೆಯ ಮಾಡದಲ್ಲಿ, ಬೀರುವಿನ ಕೀ ಯಜಮಾನತಿಯ ಹತ್ತಿರ, ಯಜಮಾನತಿ ತವರಿನಲ್ಲಿ. ರಾತ್ರಿ ಎರಡೂವರೆಗೆ ಬಂದ ಕಳ್ಳ ಸಜ್ಜನನಾಗಿದ್ದರೆ ಹಾಲ್‌ನಲ್ಲಿ ಕೂತು ಕಾಯಬಹುದು. ಕಾದು ಬೇಸತ್ತು ಬೀರುವನ್ನೇ ಮೀಟಿದರೆ ರಿವಾಲ್ವರೂ ಅವನದೇ. ಕಳವಾದ ಆಯುಧಕ್ಕೆ ದೂರು, ವಿಚಾರಣೆ, ನಿರ್ಲಕ್ಷ್ಯದ ನೋಟಿಸು ಎಲ್ಲ ನಿಮಗೆ.

ಇನ್ನು ಭಯದ ಸರಹದ್ದು. ಪರವಾನಗಿಯ ವ್ಯಾಪ್ತಿ ಕರ್ನಾಟಕ ಎಂದು ನಮೂದಾಗಿದ್ದರೆ ಬೆಂಗಳೂರಿನ ಉದ್ಯಮಿಯ ಜೀವಭಯ ಅತ್ತಿಬೆಲೆಯಲ್ಲಿ ಇಳಿದುಕೊಳ್ಳಬೇಕು. ಹೊಸೂರಿನಲ್ಲಿ ಮೀಟಿಂಗಿದ್ದರೆ ಪಿಸ್ತೂಲು ಮನೆಯಲ್ಲಿ, ಯಜಮಾನರು ದೇವರ ಮೇಲೆ ಭಾರ ಹಾಕಿ ಗಡಿಯಾಚೆ. ಮಂಗಳೂರಿನವರಿಗೆ ಇದೇ ಗೌರವ ತಲಪಾಡಿಯಲ್ಲಿ.

ಚುನಾವಣೆ ಬಂದರೆ ಗಡಿಯೂ ಬೇಡ. ನೀತಿ ಸಂಹಿತೆ ಜಾರಿಯಾಗುತ್ತಿದ್ದಂತೆ ಪರವಾನಗಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುತ್ತದೆ. ವಿನಾಯಿತಿ ಕೇಳಬಹುದು, ಜಿಲ್ಲೆಯ ಪರಿಶೀಲನಾ ಸಮಿತಿ ನೋಡುತ್ತದೆ, ಬ್ಯಾಂಕಿನ ಕಾವಲುಗಾರನ ಜೋಡು ನಳಿಕೆಗೆ ಸಿಕ್ಕೀತು. ಪೇಟೆಯ ಸೊಂಟದವರಿಗೆ ಇದರಿಂದ ನಷ್ಟವಿಲ್ಲ, ಖಾಲಿ ಪೌಚನ್ನೇ ಕಟ್ಟಿಕೊಂಡು ಓಡಾಡುತ್ತಾರೆ, ಪರಿಣಾಮ ಅಷ್ಟೇ ಇರುತ್ತದೆ. ಪೆಟ್ಟು ಬೀಳುವುದು ಮಲೆನಾಡಿಗೆ ಮತ್ತು ಕರಾವಳಿಗೆ. ಅಲ್ಲಿ ‘ಬೆಳೆ ರಕ್ಷಣೆ’ ಎಂದು ಕಾರಣ ಬರೆದು ಕೇಪಿನ ಕೋವಿಯನ್ನೋ ಒಂಟಿ ನಳಿಕೆಯನ್ನೋ ಇಟ್ಟುಕೊಂಡ ರೈತ, ಸೆಕೆಯಲ್ಲಿ ಬಸ್ಸು ಹತ್ತಿ ಅದನ್ನು ಠಾಣೆಗೆ ಹೊತ್ತು, ಹಿಡಿಗೆ ಹೆಸರಿನ ಚೀಟಿ ಕಟ್ಟಿ, ರಸೀದಿ ಜೇಬಿಗಿಟ್ಟುಕೊಂಡು ಬರುತ್ತಾನೆ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ, ಪ್ರತಿ ಸಲವೂ. ಫಲಿತಾಂಶ ಬರುವವರೆಗೆ ಎಳನೀರು ಕೀಳುವ ಮಂಗಗಳಿಗೂ ಗೆಡ್ಡೆ ಕೀಳುವ ಹಂದಿಗಳಿಗೂ ಬಹುಮತ. ಇಡೀ ವ್ಯವಸ್ಥೆಯಲ್ಲಿ ಕಾರಣದ ಕಾಲಮ್ಮನ್ನು ನಿಜವಾಗಿ ತುಂಬಿದವನು ಇವನೊಬ್ಬನೇ, ರಸೀದಿ ಹಿಡಿದು ಅಲೆಯುವವನೂ ಇವನೇ.

ಕೊಡಗಿನ ಲೆಕ್ಕ ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ. ಮನೆಯ ಹಿರಿಯರ ಹಾಗೆ ಗೋಡೆಯ ಮೇಲಿರುತ್ತದೆ. ‘ಥ್ರೆಟ್ ಇದೆ’ ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಉದ್ದವೂ ಬಿಡುವುದಿಲ್ಲ.

ಬಯಲುಸೀಮೆಯ ನಕಲು ಇಷ್ಟು ಗಂಭೀರವಲ್ಲ. ಆಯುಧ ಪೂಜೆ ದಿನ ಪಿಸ್ತೂಲಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಪಕ್ಕ ಮಲಗಿಸಿ, ವಾಟ್ಸ್ಯಾಪ್ ಸ್ಟೇಟಸ್. ಬರ್ತ್‌ಡೇ ದಿನ ಗಾಳಿಯಲ್ಲಿ ಗುಂಡು, ಅದರ ರೀಲು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಸಂಚಕಾರ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಪೊಲೀಸರಿಗೆ ಸಾಕ್ಷಿ ಹುಡುಕುವ ಕಷ್ಟವನ್ನೂ ಆರೋಪಿಯೇ ತಪ್ಪಿಸಿರುತ್ತಾನೆ. ಹಿನ್ನೆಲೆ ಸಂಗೀತ ಸಮೇತ.

ಒಂದು ವೇಳೆ ನಿಜವಾಗಿಯೂ ಹಾರಿಸಬೇಕಾಗಿ ಬಂದರೆ? ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಟ್ಟಿವೆ. ಆದರೆ 37ನೆಯದರ ಪ್ರಕಾರ ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಆ ಹಕ್ಕಿಲ್ಲ, ರಕ್ಷಣೆಗೆ ಅಗತ್ಯವಿದ್ದದ್ದಕ್ಕಿಂತ ಹೆಚ್ಚಿನ ಹಾನಿಯನ್ನೂ ಮಾಡುವಂತಿಲ್ಲ. ಒಂದೂವರೆ ಸೆಕೆಂಡಿನಲ್ಲಿ ಶರ್ಟು, ಹೊಟ್ಟೆ, ಬಟನ್ ಇವುಗಳ ನಡುವೆ ಇದನ್ನೂ ತೂಗಿ ನೋಡಬೇಕು. ಉಳಿದ ತೂಕವನ್ನು ನ್ಯಾಯಾಲಯ ಕೆಲವು ವರ್ಷ ಸಾವಕಾಶವಾಗಿ ನೋಡುತ್ತದೆ, ಅಷ್ಟರವರೆಗೆ ಪಿಸ್ತೂಲು ಬಿಳಿ ಬಟ್ಟೆಯಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿವಸ್ತು. ನಿಯಮ ಹೇಳಿದ ಹಾಗೆ ಪೂರ್ತಿ ಮುಚ್ಚಿದ ಸ್ಥಿತಿಗೆ ಅದು ಬರುವುದು ಆಗಲೇ.

ಇಂಥದ್ದೇನೂ ಆಗುವುದಿಲ್ಲ ಬಿಡಿ. ಪರವಾನಗಿ ಐದು ವರ್ಷದ್ದು, ಅದು ಮುಗಿಯುತ್ತ ಬಂದಾಗ ನವೀಕರಣಕ್ಕೆ ಆಯುಧ ತಂದು ತೋರಿಸಿ ಎನ್ನುತ್ತಾರೆ. ಕಾರಣದ ಕಾಲಮ್ಮಿನಲ್ಲಿ ಯಜಮಾನರು ‘ಹಿಂದಿನಂತೆಯೇ’ ಎಂದು ಬರೆಯುತ್ತಾರೆ. ಠಾಣೆಯ ರೈಟರು ಆಯುಧದ ನಂಬರು ನೋಡಿ ಪುಸ್ತಕದಲ್ಲಿ ಗೀಟು ಹಾಕಿಕೊಂಡು, ಗುಂಡು ಎಣಿಸಲು ಚರ್ಮದ ಬೆಲ್ಟಿನ ಕುಣಿಕೆಯಿಂದ ಮೊದಲನೆಯದನ್ನು ಎಳೆಯುತ್ತಾರೆ. ಬರುವುದಿಲ್ಲ. ಹದ ಮಾಡಿದ ಚರ್ಮದಲ್ಲಿನ ಆಮ್ಲ ಹಿತ್ತಾಳೆಯನ್ನು ತಿನ್ನುತ್ತದೆ, ಜೊತೆಗೆ ಐದು ಬೇಸಿಗೆಯ ಬೆವರು, ಐದು ಮಳೆಗಾಲದ ತೇವ. ಗುಂಡಿನ ಸುತ್ತ ಹಸಿರು ಕಿಲುಬು ಮೇಣದಂತೆ ಕಟ್ಟಿಕೊಂಡಿದೆ. ಅದು ಬಿಡಲೆಂದು ಯಜಮಾನರು ಯಾವಾಗಲೋ ಬೈಕಿನ ಚೈನಿಗೆ ಹೊಡೆಯುವ ಎಣ್ಣೆಯನ್ನೂ ಹೊಡೆದಿದ್ದಾರೆ, ಆ ಎಣ್ಣೆ ಒಳಗಿಳಿದರೆ ಸಿಡಿಮದ್ದು ತಣ್ಣಗಾಗಿಬಿಡಬಹುದು. ರೈಟರು ಪೆನ್ನಿನ ಹಿಂಬದಿಯಿಂದ ಒತ್ತಿ, ಆರನ್ನೂ ಒಂದೊಂದಾಗಿ ಮೇಜಿನ ಮೇಲೆ ಬೀಳಿಸಿ, ಹಸಿರಾದ ಬೆರಳನ್ನು ಹಳೆಯ ಎಫ್‌ಐಆರ್ ಪ್ರತಿಯೊಂದಕ್ಕೆ ಒರೆಸಿಕೊಂಡು, ‘ಜೀವಂತ ಗುಂಡು: 6’ ಎಂದು ಬರೆದುಕೊಳ್ಳುತ್ತಾರೆ.