ಸತ್ಯಾಂಶ: ರಸ್ತೆಯಲ್ಲಿ ಸತ್ತ ಕಾಡುಪ್ರಾಣಿ ಸಿಕ್ಕವರದ್ದೇ?

‘ವಾಹನ ಬಡಿದು ಸತ್ತ ಪ್ರಾಣಿಯನ್ನು ನಾವು ಕೊಂದಿಲ್ಲ, ಮನೆಗೆ ಒಯ್ದು ಚರ್ಮ ತುಂಬಿಸಿ ಶೋಕೇಸಿನಲ್ಲಿಟ್ಟರೆ ತಪ್ಪಿಲ್ಲ.’ ಹುಬ್ಬಳ್ಳಿ, ಹಾವೇರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಈ ಮಾತು ಸುಳ್ಳು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ, ಸತ್ತು ಬಿದ್ದಿರುವ ಸಂರಕ್ಷಿತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಕೊಂದವರು ಯಾರು ಎಂಬುದು ಬೇರೆ ಪ್ರಶ್ನೆ. ಅದು ಹೇಗೋ ಕೈಗೆ ಬಂದಿದ್ದರೂ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ಚರ್ಮ ಹದಮಾಡಿ ಪ್ರಾಣಿಯ ರೂಪ ಕೊಡುವ ಕಸುಬಿಗೂ ಪರವಾನಗಿ ಬೇಕು.

ಈ ನಿಯಮ ಅತಿಯಾಯಿತು ಎನ್ನುವವರು ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೆನೆಯಬೇಕು. ಸುರುಳಿಯಂತೆ ತಿರುಚಿದ ಆ ಕೊಂಬಿಗೆ ಬೇಡಿಕೆ ಇಂದಿಗೂ ಇದೆ. ‘ರಸ್ತೆಯಲ್ಲಿ ಸಿಕ್ಕಿತು’ ಎಂಬ ಉತ್ತರವನ್ನು ಕಾನೂನು ಒಪ್ಪಿದರೆ ಬೇಟೆಗಾರರೆಲ್ಲ ಅದನ್ನೇ ಹೇಳುತ್ತಾರೆ. ಸತ್ತ ಪ್ರಾಣಿಯ ಮೈ ನೋಡಿದರೆ ಗಾಡಿ ಆಕಸ್ಮಿಕವಾಗಿ ಬಡಿದದ್ದೋ, ಯಾರಾದರೂ ಬೇಕೆಂದೇ ಬಡಿದು ಕೊಂದದ್ದೋ ಹೇಳಲಾಗದು.

ಆರೋಗ್ಯದ ಮಾತೂ ಇದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಕಳೇಬರ ಬೇಗನೆ ಉಬ್ಬುತ್ತದೆ, ಹಿಡಿದೆಳೆದರೆ ಕೂದಲು ಚರ್ಮದಿಂದ ಕಿತ್ತುಬರುತ್ತದೆ. ನರಿಯಂಥ ಪ್ರಾಣಿಗೆ ರೇಬಿಸ್ ಇದ್ದಿರಬಹುದು, ಬರಿಗೈಯಲ್ಲಿ ಮುಟ್ಟಲೇಬೇಡಿ.

ಕಪ್ಪತಗುಡ್ಡದ ಸುತ್ತಲಿನ ರಸ್ತೆಯಲ್ಲಾಗಲಿ ಹೆದ್ದಾರಿಯಲ್ಲಾಗಲಿ ಇಂಥದ್ದು ಕಂಡರೆ ಜಾಗದ ಗುರುತು ಹೇಳಿ ಅರಣ್ಯ ಇಲಾಖೆಗೆ ತಿಳಿಸಿ. ಸಾಕಿದ ಕೋಳಿ, ನಾಯಿಗೆ ಈ ಕಲಂ ಅನ್ವಯಿಸದು. ನವಿಲು ತಾನಾಗಿ ಉದುರಿಸಿದ ಗರಿ ಮನೆಯಲ್ಲಿದ್ದರೆ ಹೆದರಬೇಕಿಲ್ಲ; ಸತ್ತ ನವಿಲನ್ನು ಮಾತ್ರ ಒಯ್ಯುವಂತಿಲ್ಲ.