ಖಾಲಿ ಜಾಗ ಅಂತೆ, ಖಾಲಿ ಜಾಗ!

ನಿನ್ನೆ ಸಂಜೆ ಬೆಂಗಳೂರಿನ ಒಂದು ಹೋಟೆಲ್ ಹಾಲ್‌ನಲ್ಲಿ ಎರಡು ತಾಸು ಕೂತು ಬಂದೆ. ಭಾವ ಎಳೆದುಕೊಂಡು ಹೋಗಿದ್ದ. 'ಬಾಲಿಯಲ್ಲಿ ನಿಮ್ಮದೇ ಸ್ವಂತ ಮನೆ, ಸಮುದ್ರದ ಎದುರಿಗೆ' ಅಂತ ಪ್ರಚಾರ. ಕಾಫಿ, ಪಕೋಡ ಫ್ರೀ. ಪಕೋಡ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೊಗಳುವುದಕ್ಕೆ ಏನೂ ಸಿಗುವುದಿಲ್ಲ.

ಪರದೆ ಮೇಲೆ ಮೊದಲ ಫೋಟೋ ಬಂದದ್ದೇ ನಾನು ನೆಟ್ಟಗೆ ಕೂತೆ. ಕಪ್ಪು ಮರಳು, ಸಾಲಾಗಿ ಎಳೆದಿಟ್ಟ ಜುಕುಂಗ್ ದೋಣಿಗಳು, ಹಿಂದೆ ಅಗುಂಗ್ ಪರ್ವತ. ಅಮೆಡ್! ಬಾಲಿಯ ಪೂರ್ವ ತುದಿ, ಕಾರಂಗಾಸೆಮ್ ಜಿಲ್ಲೆ. ನಾನು ಎರಡು ಸಲ ಹೋಗಿ ವಾರಗಟ್ಟಲೆ ಬಿದ್ದುಕೊಂಡಿದ್ದ ಊರು. ನನ್ನ ಫೋಟೋಗಳಿಂದ ನಿಮಗೆಲ್ಲ ಬೇಜಾರು ಹಿಡಿಸಿದ್ದೂ ಇದೇ ಊರು.

"ಇದು ಬೀಚಿಗೆ ತಾಗಿದ ಖಾಲಿ ಜಾಗ ಸರ್" ಅಂದ ಕೋಟು ಹಾಕಿದ ಹುಡುಗ.

ಖಾಲಿ! ಫೋಟೋದ ಎಡಗಡೆ ಮೂಲೆಯಲ್ಲಿ ತೆಂಗಿನ ಮರವನ್ನು ಉದ್ದಕ್ಕೆ ಸೀಳಿ, ಒಳಗೆ ಕೊರೆದು, ಸಾಲಾಗಿ ಜೋಡಿಸಿದ ದೋಣಿಯಂಥ ತೊಟ್ಟಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅದು ಉಪ್ಪು ಒಣಗಿಸುವ ಜಾಗ. ಕೈ ಎತ್ತಿ ಕೇಳಿದೆ, ಅದೇನು ಅಂತ. ಹುಡುಗ ಒಂದು ಕ್ಷಣ ನೋಡಿದ. "ಹಳೇ ಮರ ಸರ್. ಕ್ಲೀನ್ ಮಾಡಿಸಿಕೊಡ್ತೀವಿ" ಅಂದ.

ನಾನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಾಣಿಕಟ್ಟಾ ಉಪ್ಪು ತಿಂದು ಬೆಳೆದವನು ಅಂತ ನಿಮಗೆ ಗೊತ್ತು. ಅಲ್ಲಿಂದ ಶುರುವಾಯಿತು ನನ್ನ ತಲೆ ಬಿಸಿ.

ಅಮೆಡ್‌ನಲ್ಲಿ ಉಪ್ಪು ಮಾಡುವುದು ನಮ್ಮ ಕಡೆಯ ಹಾಗಲ್ಲ. ನಮ್ಮಲ್ಲಿ ಸಮುದ್ರದ ಹಿನ್ನೀರನ್ನು ಪಾತಿಗೆ ಬಿಟ್ಟರೆ ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಅಲ್ಲಿ ಸಮುದ್ರದ ನೀರನ್ನು ಹೊತ್ತು ತಂದು ಮಣ್ಣಿನ ಮೇಲೆ ಚೆಲ್ಲುತ್ತಾರೆ. ಮಣ್ಣು ಒಣಗಿದ ಮೇಲೆ ಅದನ್ನು ಕೆರೆದು ಶಂಕುವಿನಂಥ ದೊಡ್ಡ ಬುಟ್ಟಿಗೆ ತುಂಬಿ, ಮೇಲಿಂದ ಮತ್ತೆ ನೀರು ಹೊಯ್ದು ಸೋಸುತ್ತಾರೆ. ಕೆಳಗೆ ಇಳಿದ ಗಟ್ಟಿ ಉಪ್ಪುನೀರು ಆ ತೆಂಗಿನ ತೊಟ್ಟಿಗಳಲ್ಲಿ ಒಣಗಿ ಹರಳಾಗುತ್ತದೆ. ಇದೆಲ್ಲ ಮಳೆ ಇಲ್ಲದ ತಿಂಗಳುಗಳಲ್ಲಿ ಮಾತ್ರ. ನಮ್ಮ ಮೈಸೂರು ವೀಳ್ಯದೆಲೆಗೆ ಇರುವಂಥ ಭೌಗೋಳಿಕ ಗುರುತು ಅಮೆಡ್ ಉಪ್ಪಿಗೂ ಸಿಕ್ಕಿದೆ. ಸರ್ಕಾರ ಆ ಊರಿನ ಹೆಸರಿಗೆ ಮುದ್ರೆ ಒತ್ತಿ ಕೊಟ್ಟಿದೆ. ಹುಡುಗನಿಗೆ ಅದು ಹಳೇ ಮರ.

ಇನ್ನು 'ಸ್ವಂತ' ಅನ್ನುವ ಮಾತು. 1960ರ ಇಂಡೋನೇಷ್ಯಾದ ಭೂಕಾಯಿದೆ ಬಹಳ ಸ್ಪಷ್ಟವಾಗಿದೆ. ಪೂರ್ತಿ ಒಡೆತನಕ್ಕೆ ಅಲ್ಲಿ 'ಹಾಕ್ ಮಿಲಿಕ್' ಅನ್ನುತ್ತಾರೆ. ನಮ್ಮ ಹಕ್ಕು, ಮಾಲೀಕ ಎರಡೂ ಇದೆಯಲ್ಲ ಅದರಲ್ಲಿ? ಅರಬ್ಬಿಯಿಂದ ಅಲ್ಲಿಗೂ ಹೋಗಿವೆ, ಇಲ್ಲಿಗೂ ಬಂದಿವೆ. ಆದರೆ ಆ ಹಕ್ಕು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಸಿಗುವುದು ಬಳಕೆಯ ಹಕ್ಕು ಅಥವಾ ಲೀಸ್. ಹಾಲ್‌ನಲ್ಲಿ ಮಾರುತ್ತಿದ್ದದ್ದು 25 ವರ್ಷದ ಲೀಸ್. ಅಷ್ಟೂ ವರ್ಷದ ಬಾಡಿಗೆ ಮೊದಲೇ ಒಂದೇ ಗಂಟಿನಲ್ಲಿ ಕೊಡಬೇಕು. ಅವಧಿ ಮುಗಿದ ಮೇಲೆ ಜಾಗವೂ ಅವರದು, ನೀವು ಕಟ್ಟಿದ ಮನೆಯೂ ಅವರದು. ಮುಂದುವರಿಸಬೇಕು ಅಂದರೆ ಆವತ್ತಿನ ರೇಟು. ಇದನ್ನು ನಮ್ಮೂರಲ್ಲಿ ಬಾಡಿಗೆ ಅನ್ನುತ್ತೇವೆ. 'ಸ್ವಂತ' ಅನ್ನುವುದಿಲ್ಲ.

ಹಿಂದಿನ ಸಾಲಿನ ಒಬ್ಬರು ಹುಷಾರಿ. "ಅಲ್ಲಿಯವರ ಹೆಸರಲ್ಲಿ ತಗೊಳ್ಳಬಹುದಲ್ವಾ?" ಅಂತ ಕೇಳಿದರು. ಹುಡುಗ ನಕ್ಕ. "ಅದೂ ಒಂದು ಆಪ್ಷನ್ ಇದೆ, ಪರ್ಸನಲ್ ಆಗಿ ಮಾತಾಡೋಣ ಸರ್." ಅದಕ್ಕೆ ಅವರು 'ನಾಮಿನಿ' ಅನ್ನುತ್ತಾರೆ. ಕನ್ನಡದಲ್ಲಿ ಬೇನಾಮಿ. ಅದೇ ಕಾಯಿದೆಯ 26ನೇ ವಿಧಿ ಏನು ಹೇಳುತ್ತದೆ ಗೊತ್ತಾ? ಹೀಗೆ ಮಾಡಿದರೆ ವ್ಯವಹಾರವೇ ಅಸಿಂಧು. ಜಾಗ ಸರ್ಕಾರಕ್ಕೆ, ಕೊಟ್ಟ ದುಡ್ಡೂ ವಾಪಸ್ ಇಲ್ಲ.

ಈಗ ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲ ನನಗೆ ಗೊತ್ತಿರುವುದು ಹೇಗೆ ಅಂದುಕೊಂಡಿರಿ? 2019ರಲ್ಲಿ ನಾನೂ ರೇಟು ಕೇಳಿದ್ದೆ. ಹೌದು, ನಾನೇ. ಹೋಂಸ್ಟೇ ಜಗಲಿಯಲ್ಲಿ ರಾತ್ರಿ ಮೊಬೈಲ್ ಹಿಡಿದು ಲೆಕ್ಕ ಹಾಕಿದ್ದೆ. ಬಾಲಿಯಲ್ಲಿ ಜಾಗದ ಲೆಕ್ಕ 'ಆರೆ'ಯಲ್ಲಿ. ಒಂದು ಆರೆ ಅಂದರೆ 100 ಚದರ ಮೀಟರ್, ಹೆಚ್ಚುಕಮ್ಮಿ ನಮ್ಮ ಒಂದು ಗುಂಟೆ. ಗುಂಟೆ ಅಂದ ಕೂಡಲೇ ನಮ್ಮ ಜನಕ್ಕೆ ಆಗುತ್ತದಲ್ಲ, ಹಾಗೇ ಆಯಿತು ನನಗೂ. ಮರುದಿನ ಬೆಳಿಗ್ಗೆ ಒಬ್ಬ ದಲ್ಲಾಳಿ ಸ್ಕೂಟರ್ ಮೇಲೆ ಬಂದ. ತನ್ನ ಚಿಕ್ಕಪ್ಪನ ಮಗನ ಹೆಸರಲ್ಲಿ ಪತ್ರ ಮಾಡೋಣ ಅಂದ. ನಾನು ತಕ್ಷಣ ಬೇಡ ಅನ್ನಲಿಲ್ಲ. "ಯೋಚಿಸಿ ಹೇಳ್ತೇನೆ" ಅಂದೆ. ಅವನ ನಂಬರು ಎರಡು ತಿಂಗಳು ನನ್ನ ಫೋನಲ್ಲಿತ್ತು. ಹೆಂಡತಿಗೆ ಇದು ಈಗ ಓದಿದಾಗಲೇ ಗೊತ್ತಾಗುವುದು.

ಆ ಜಾಗವೂ ನನಗೆ ಆಗ ಖಾಲಿಯಾಗಿಯೇ ಕಂಡಿತ್ತು. ಸಿಟ್ಟು ಬರುವುದು ಅದಕ್ಕೇ, ಕೋಟು ಹಾಕಿದ ಹುಡುಗನ ಮೇಲೆ ಮಾತ್ರ ಅಲ್ಲ.

ಖಾಲಿ ಅಲ್ಲ ಅಂತ ಗೊತ್ತಾಗಿದ್ದು ಹೋಂಸ್ಟೇ ಯಜಮಾನರಿಂದ. ನಾನು ಅವರನ್ನು 'ಬ್ಲಿ' ಅನ್ನುತ್ತಿದ್ದೆ, ಅಂದರೆ ಅಣ್ಣ. ದಲ್ಲಾಳಿ ತೋರಿಸಿದ ಆ ಜಾಗದಲ್ಲೇ ಅವರ ಅಮ್ಮ ಉಪ್ಪು ಮಾಡುತ್ತಿದ್ದರಂತೆ. ಜಾಗ ಬೇರೆಯವರದು. ಬಂದ ಉಪ್ಪಿನಲ್ಲಿ ಒಂದು ಪಾಲು ಧಣಿಗೆ. ನಮ್ಮ ಗೇಣಿಯ ಹಾಗೇ! ಧಣಿ ಜಾಗ ಲೀಸಿಗೆ ಕೊಟ್ಟ ವರ್ಷ ಅಮ್ಮ ತೊಟ್ಟಿಗಳನ್ನು ಎತ್ತಿಕೊಂಡು ಮನೆಗೆ ಬಂದರು. ಅಷ್ಟೇ. ಅವರಿಗೆ ಯಾರೂ ಒಂದು ರುಪಿಯಾ ಕೊಡಲಿಲ್ಲ. ತೊಟ್ಟಿಗಳಲ್ಲಿ ಒಂದನ್ನು ಹೋಂಸ್ಟೇ ಅಂಗಳದಲ್ಲಿ ಹೂವಿನ ಗಿಡಕ್ಕೆ ಇಟ್ಟಿದ್ದಾರೆ. ನಾನು ಅದರ ಫೋಟೋ ಹಾಕಿದಾಗ ನೀವೆಲ್ಲ 'ವಾವ್, ಎಷ್ಟು ಕಲಾತ್ಮಕ' ಅಂತ ಬರೆದಿದ್ದಿರಿ. ನೆನಪಿದೆಯಾ?

ಈಗ ಯಾರೋ ಒಬ್ಬರು ಹೇಳುತ್ತೀರಿ, ಗೊತ್ತು. "ಊರವರೇ ಇಷ್ಟಪಟ್ಟು ಕೊಡ್ತಾರಲ್ಲ ಮಾರಾಯ, ನಿಂಗೇನು ಕಷ್ಟ? ಉಪ್ಪಿನಲ್ಲಿ ಹೊಟ್ಟೆ ತುಂಬುತ್ತದಾ?" ತುಂಬುವುದಿಲ್ಲ, ಒಪ್ಪಿದೆ. ಆ ಬ್ಲಿಯ ಮಗಳು ಓದಿದ್ದು ಹೋಂಸ್ಟೇ ದುಡ್ಡಿನಲ್ಲಿ, ಅಮ್ಮನ ಉಪ್ಪಿನ ದುಡ್ಡಿನಲ್ಲಿ ಅಲ್ಲ. ಅದೂ ನಿಜ. ಆದರೆ ಇಷ್ಟಪಟ್ಟು ಕೊಟ್ಟವರು ಯಾರು? ಸಹಿ ಹಾಕಿದವನು ಧಣಿ, ಎದ್ದು ಹೋದವಳು ಅಮ್ಮ. ಇಬ್ಬರನ್ನೂ 'ಊರವರು' ಅಂತ ಒಂದೇ ಚೀಲಕ್ಕೆ ತುಂಬಬೇಡಿ. ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. 'ಉಳುವವನೇ ಹೊಲದೊಡೆಯ' ಆಗದೇ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಮನೆಗಳು ಇವತ್ತು ಎಲ್ಲಿರುತ್ತಿದ್ದವು?

ಇಷ್ಟರ ಮೇಲೂ ಹೋಗುತ್ತೇವೆ ಅನ್ನುವವರಿಗೆ, ಹಾಲ್‌ನಲ್ಲಿ ಹೇಳದ ಕೆಲವು ಸಂಗತಿ. ಏರ್‌ಪೋರ್ಟಿನಿಂದ ಎರಡೂವರೆ ಮೂರು ತಾಸಿನ ದಾರಿ. ಬಾಲಿ ಅಂದರೆ ಹಸಿರು ಗದ್ದೆ ಅಂದುಕೊಂಡವರಿಗೆ ಈ ಕರಾವಳಿಯ ಬಹುಭಾಗ ಒಣಕಲು. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ವಿಲ್ಲಾದ ಈಜುಕೊಳಕ್ಕೂ ಅದೇ ಟ್ಯಾಂಕರ್, ಪಕ್ಕದ ಮನೆಯ ಕೊಡಕ್ಕೂ ಅದೇ. ನ್ಯೇಪಿ, ಅಂದರೆ ಬಾಲಿಯ ಹಿಂದೂಗಳು ಮೌನವಾಗಿ ಆಚರಿಸುವ ಹೊಸವರ್ಷದ ದಿನ, ಏರ್‌ಪೋರ್ಟೂ ಬಂದ್, ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಅದಕ್ಕೂ ಮೊದಲು ದೇವರನ್ನು ಹೊತ್ತುಕೊಂಡು ಊರಿಗೆ ಊರೇ ಸಮುದ್ರಕ್ಕೆ ಬರುತ್ತದೆ, ನಿಮ್ಮ 'ಖಾಲಿ' ದಡಕ್ಕೇ. ಇನ್ನು ಅಗುಂಗ್. ಅದು ಫೋಟೋಕ್ಕೆ ಹಿನ್ನೆಲೆ ಅಲ್ಲ, ಜೀವಂತ ಜ್ವಾಲಾಮುಖಿ. 1963ರಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು.

ಅಮೆಡ್ ಪಕ್ಕದ ತುಲಂಬೆನ್‌ನಲ್ಲಿ ಲಿಬರ್ಟಿ ಅಂತ ಒಂದು ಅಮೆರಿಕನ್ ಹಡಗು ಮುಳುಗಿದೆ. ಅದರ ಕಥೆ ಗೊತ್ತಾ? 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಟಾರ್ಪಿಡೋಗೆ ಸಿಕ್ಕಿ ಇಲ್ಲಿಯ ದಡಕ್ಕೆ ಬಂದು ಬಿದ್ದಿತ್ತು. 21 ವರ್ಷ ಅಲ್ಲೇ ಮರಳಿನ ಮೇಲೆ ಆರಾಮಾಗಿತ್ತು. 1963ರಲ್ಲಿ ಅಗುಂಗ್ ಸಿಡಿದಾಗ ನೆಲ ನಡುಗಿ ನೀರಿಗೆ ಜಾರಿತು. ಅಷ್ಟು ದೊಡ್ಡ ಹಡಗಿಗೇ 25 ವರ್ಷದ ಲೀಸ್ ಸಿಗಲಿಲ್ಲ.

ಮನೆಗೆ ಬರುವಾಗ ಭಾವ ಕಾರಲ್ಲಿ ಮಾತಾಡಲಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಬಂದ ಮೇಲೆ ಮೆಲ್ಲಗೆ ಕೇಳಿದ: "ಆ ನಿನ್ನ ದಲ್ಲಾಳಿ ಎಷ್ಟು ಹೇಳಿದ್ದ, ಗುಂಟೆಗೆ?"

ಇನ್‌ಬಾಕ್ಸಿಗೆ ಬಂದು ನೀವೂ ಅದನ್ನೇ ಕೇಳಬೇಡಿ. ನಂಬರು ಡಿಲೀಟ್ ಮಾಡಿದ್ದೇನೆ.