ಬಾಲ್ಕನಿ ಕಾಣಲಿಲ್ಲ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬಾಸ್ಟನ್ನಿನ ಜನ ಮೊದಲು ಕೇಳಿದ್ದು 1776ರ ಜುಲೈ 18ರಂದು, ಓಲ್ಡ್ ಸ್ಟೇಟ್ ಹೌಸಿನ ಬಾಲ್ಕನಿಯಿಂದ. ಪ್ರತಿ ಜುಲೈ 4ರಂದು ಅದನ್ನು ಅಲ್ಲಿಂದಲೇ ಮತ್ತೆ ಓದುತ್ತಾರೆ. ಮಗಳಿಗೆ ತೋರಿಸಬೇಕೆಂದು ಈ ಸಲ ಒಂದೂವರೆ ಗಂಟೆ ಮೊದಲೇ ಹೋಗಿ, ಬಿಸಿಲಿನಲ್ಲಿ ಬೆವರೊರೆಸಿಕೊಳ್ಳುತ್ತಾ ಜಾಗ ಹಿಡಿದೆವು.

ಓದು ಶುರುವಾಗಿದ್ದೇ ತಡ, ಮುಂದಿದ್ದವರೆಲ್ಲ ಮೊಬೈಲ್ ಎತ್ತಿದರು! ನಮ್ಮ ಮುಂದಿನಾತನದಂತೂ ಮೊರದಗಲದ ಟ್ಯಾಬ್ಲೆಟ್. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೆ. ಅವನು ಕೈಯನ್ನು ಇನ್ನೂ ಮೇಲಕ್ಕೆ ಚಾಚಿದ. ಬಾಲ್ಕನಿಯನ್ನು ಅವಳು ನೋಡಿದ್ದು ಆ ಪರದೆಯಲ್ಲಿ, ಹೆಬ್ಬೆರಳಿನಷ್ಟು ಗಾತ್ರದಲ್ಲಿ. ಮೇಲೆ ಚಾವಣಿಯಲ್ಲಿದ್ದ, ಬ್ರಿಟಿಷ್ ಅರಸೊತ್ತಿಗೆಯ ಲಾಂಛನಗಳಾದ ಸಿಂಹ, ಯುನಿಕಾರ್ನ್ (ಒಂಟಿಕೊಂಬಿನ ಕುದುರೆ) ಮಾತ್ರ ಕಂಡವು. ಮೂಲ ವಿಗ್ರಹಗಳನ್ನು 1776ರಲ್ಲಿ ಘೋಷಣೆ ಕೇಳಿದ ದಿನವೇ ಜನ ಕಿತ್ತು ಸುಟ್ಟಿದ್ದರು ಎಂದು ಹೇಳಿದೆ. "ಓದುತ್ತಿರುವವರು ಎಲ್ಲಪ್ಪಾ?" ಎಂದು ಕೇಳಿದಳು.

ಎರಡು ನಿಮಿಷ ಚಿತ್ರ ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಓದು ಮುಗಿಯುವವರೆಗೂ ಕೈ ಇಳಿಸದಿದ್ದರೆ ಹಿಂದಿರುವ ಮಕ್ಕಳು ಏನು ಮಾಡಬೇಕು? "ಸ್ವಲ್ಪ ಇಳಿಸುತ್ತೀರಾ?" ಎಂದು ವಿನಯದಿಂದಲೇ ಕೇಳಿದೆ. ಆತ ತಿರುಗಿಯೂ ನೋಡಲಿಲ್ಲ.